ಕಾನೂನು ಬರೆಹದಲ್ಲಿ ಆಕರಸ್ಮರಣೆ: ಒಂದು ಟಿಪ್ಪಣಿ

ಅನ್ಯರ ಮಾತನ್ನು ಆಧರಿಸದೆ ಕಾನೂನಿನ ಬರೆಹ ನಡೆಯದು. ಪೂರ್ವನಿರ್ಣಯಗಳ ಬಲವಿಲ್ಲದ ವಾದಕ್ಕೆ ನ್ಯಾಯಾಲಯದಲ್ಲಿ ಮನ್ನಣೆ ವಿರಳ. ಆದುದರಿಂದಲೇ ಇಲ್ಲಿ ಉದ್ಧರಣೆ ಎಲ್ಲಿ ಮುಗಿದು ಕೃತಿಚೌರ್ಯ ಎಲ್ಲಿ ಮೊದಲಾಗುತ್ತದೆಂಬ ಪ್ರಶ್ನೆ ಜಟಿಲವಾದುದು.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದನು. ಗ್ರಂಥಾರಂಭದಲ್ಲಿಯೇ ಅವನು ಪೂರ್ವ ವ್ಯಾಖ್ಯಾನಕಾರನಾದ ವಿಶ್ವರೂಪನನ್ನು ಸ್ಮರಿಸುತ್ತಾನೆ. ಅಸಹಾಯ, ಮೇಧಾತಿಥಿ, ಭಾರುಚಿ, ಶ್ರೀಕರ, ಧಾರೇಶ್ವರರೂ ಹೆಸರಿನಿಂದಲೇ ಉಲ್ಲೇಖಿತರು. ಪುತ್ರಹೀನನ ವಿಧವೆ ನಿಯೋಗಕ್ಕೆ ಒಪ್ಪಿದರೆ ಮಾತ್ರ ಆಸ್ತಿಗೆ ಅರ್ಹಳೆಂಬುದು ಧಾರೇಶ್ವರನ ಮತ. ಅದನ್ನು ಅವನ ಹೆಸರಿನಲ್ಲಿಯೇ ಮಂಡಿಸಿ, ಅನಂತರ ಖಂಡಿಸಿ, ವಿಭಕ್ತನಾದ ಗಂಡನ ಆಸ್ತಿಗೆ ಸಾಧ್ವಿಯಾದ ಪತ್ನಿಯೇ ಹಕ್ಕುದಾರಳೆಂದು ವಿಜ್ಞಾನೇಶ್ವರನು ಸ್ಥಾಪಿಸುತ್ತಾನೆ. 'ಕೆಲವರು' ಎಂದಷ್ಟೇ ಹೇಳಿ ಮುಂದುವರಿಯುವ ರೂಢಿಯೂ ಶಾಸ್ತ್ರಕಾರರಲ್ಲಿ ಉಂಟು. ಆದರೆ ಒಬ್ಬ ಹೆಣ್ಣಿನ ಬದುಕು ನಿರ್ಣಯವಾಗುವಲ್ಲಿ ಯಾರ ಮತ ಬಿದ್ದಿತು, ಯಾರದು ನಿಂತಿತು ಎಂಬುದು ಓದುಗನಿಗೆ ತಿಳಿಯಬೇಕು. ಆಕರಸ್ಮರಣೆ ಇಲ್ಲಿ ಸೌಜನ್ಯ ಮಾತ್ರವಲ್ಲ, ಪರೀಕ್ಷೆಗೆ ತೆರೆದ ಬಾಗಿಲು. 1810ರಲ್ಲಿ ಕೋಲ್‌ಬ್ರೂಕ್ ಇದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ವಸಾಹತು ನ್ಯಾಯಾಲಯಗಳೂ ಈ ಗ್ರಂಥವನ್ನು ಆಧಾರವಾಗಿ ಬಳಸಿದುವು.

ಆಧುನಿಕ ಕಾನೂನು ಈ ಪ್ರಶ್ನೆಯನ್ನು ಸ್ವಾಮ್ಯದ ನೆಲೆಯಿಂದ ನೋಡುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ, ನ್ಯಾಯಾಲಯವು ನಿಷೇಧಿಸದ ಹೊರತು, ತೀರ್ಪುಗಳನ್ನು ಯಾರೂ ಪುನರ್ಮುದ್ರಿಸಬಹುದು. ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ. ಬಿ. ಮೋದಕ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಈ ತತ್ತ್ವವನ್ನು ಎತ್ತಿಹಿಡಿಯಿತು. ಆದರೆ ಕಂಡಿಕೆಗಳ ವಿಂಗಡಣೆಯಂತಹ, ವಿವೇಚನೆಯನ್ನು ಬೇಡುವ ಸಂಪಾದಕರ ಶ್ರಮಕ್ಕೆ ರಕ್ಷಣೆ ನೀಡಿತು.

ಸ್ವಾಮ್ಯವಿಲ್ಲದ್ದನ್ನು ನಕಲಿಸಿದವನು ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯಲ್ಲ. ಅದನ್ನು ತನ್ನದೆಂದರೆ ನೀತಿಯ ದೃಷ್ಟಿಯಲ್ಲಿ ಮುಕ್ತನೂ ಅಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಸಾಮ್ಯವನ್ನು ಅಳೆಯುವಾಗ ಕಾನೂನಿನ ಪಾಠವನ್ನು ಲೆಕ್ಕದಿಂದ ಬಿಡುತ್ತದೆ. ಶೇಕಡಾ 10ರವರೆಗಿನ ಅಲ್ಪ ಸಾಮ್ಯಕ್ಕೆ ದಂಡನೆಯಿಲ್ಲ, 60ನ್ನು ಮೀರಿದ ಪ್ರಬಂಧಕ್ಕೆ ನೋಂದಣಿಯೇ ರದ್ದು. ಅಂಕಿಗಳು ಅಗತ್ಯ, ಸಾಲವು. ದಾವಾಪತ್ರದ ಸಿದ್ಧ ಮಾದರಿಯನ್ನು ಬಳಸುವ ವಕೀಲನು ಕಳ್ಳನಲ್ಲ, ಏಕೆಂದರೆ ಅಲ್ಲಿ ಯಾರೂ ಸ್ವೋಪಜ್ಞತೆಯನ್ನು ಸಾರುವುದಿಲ್ಲ. ಸಂಶೋಧನ ಪ್ರಬಂಧವಾದರೋ ಅದನ್ನೇ ಸಾರುತ್ತದೆ. ಆಕರವನ್ನು ಮರೆಮಾಚಲು ತರಗತಿಯಲ್ಲಿ ಕಲಿತವನು ನಾಳೆ ನ್ಯಾಯಪೀಠದ ಮುಂದೆ ಪ್ರತಿಕೂಲ ತೀರ್ಪನ್ನೂ ಮರೆಮಾಚಬಲ್ಲನು. ಆಗ ನಷ್ಟವಾಗುವುದು ಗ್ರಂಥಕರ್ತನ ಕೀರ್ತಿಯಲ್ಲ, ಕಕ್ಷಿದಾರನ ನ್ಯಾಯ.