ಫ್ಲೋಸಾಲ್ವರ್: ಬಿಡಿ ಚಿಪ್‌ಗಳಿಂದ ಕಟ್ಟಿದ ಬೆಂಗಳೂರಿನ ಸಮಾಂತರ ಗಣಕ

ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆಂಬುದನ್ನು ತಿಳಿಯಲು, ಅಲ್ಲಿನ ಆವರಣವನ್ನು ಸಾವಿರಾರು ಸಣ್ಣ ಕೋಶಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ವೇಗ ಮತ್ತು ಒತ್ತಡಗಳನ್ನು ಮತ್ತೆ ಮತ್ತೆ ಗಣಿಸಬೇಕಾಗುತ್ತದೆ. 1980ರ ದಶಕದಲ್ಲಿ ಇಂಥ ಲೆಕ್ಕಗಳಿಗೆ ಸೂಪರ್‌ಕಂಪ್ಯೂಟರ್ ಬೇಕಿತ್ತು. ಅದು ದುಬಾರಿಯಷ್ಟೇ ಅಲ್ಲ. ಅಮೆರಿಕದ ರಫ್ತು ನಿರ್ಬಂಧಗಳಿಂದಾಗಿ ಹಣವಿದ್ದರೂ ಸುಲಭವಾಗಿ ದೊರೆಯುತ್ತಿರಲಿಲ್ಲ.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ಬೇರೆ ದಾರಿ ಹಿಡಿಯಿತು. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ ಯು.ಎನ್. ಸಿನ್ಹಾ ನೇತೃತ್ವದ ತಂಡವು ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಇಂಟೆಲ್ 8086 ಪ್ರೊಸೆಸರ್‌ಗಳನ್ನೂ, ದಶಾಂಶ ಲೆಕ್ಕಗಳಲ್ಲಿ ಅವುಗಳಿಗೆ ನೆರವಾಗುವ 8087 ಚಿಪ್‌ಗಳನ್ನೂ ಜೋಡಿಸಿ 1986ರಲ್ಲಿ 'ಫ್ಲೋಸಾಲ್ವರ್ ಎಂಕೆ-1' ಗಣಕವನ್ನು ರೂಪಿಸಿತು. ನಾಲ್ಕು ಪ್ರೊಸೆಸರ್‌ಗಳ ಈ ಯಂತ್ರವನ್ನು ಭಾರತದ ಮೊದಲ ಸಮಾಂತರ ಗಣಕವೆಂದು ಪರಿಗಣಿಸಲಾಗಿದೆ. ದ್ರವ ಮತ್ತು ಅನಿಲಗಳ ಹರಿವಿನ ಸಮಸ್ಯೆಗಳನ್ನು ಬಿಡಿಸುವುದೇ ಅದರ ಉದ್ದೇಶ. ಹೆಸರು ಬಂದದ್ದೂ ಅದರಿಂದಲೇ.

ಕೆಲಸ ಹಂಚುವ ಬಗೆ

ಚಿಪ್‌ಗಳನ್ನು ಒಟ್ಟುಗೂಡಿಸಿದ ಮಾತ್ರಕ್ಕೆ ವೇಗ ಹೆಚ್ಚುವುದಿಲ್ಲ. ಒಂದು ಹೊಲವನ್ನು ನಾಲ್ವರಿಗೆ ಪಾಲು ಹಾಕಿದರೂ ಬದುವಿನ ನೀರಿನ ವಿಷಯದಲ್ಲಿ ನೆರೆಯವರ ನಡುವೆ ಮಾತುಕತೆ ನಡೆಯಲೇಬೇಕು. ಹಾಗೆಯೇ ಪ್ರತಿ ಪ್ರೊಸೆಸರ್ ತನ್ನ ಪಾಲಿನ ಕೋಶಗಳನ್ನು ಗಣಿಸಿದ ಮೇಲೆ, ಗಡಿಯ ಅಂಕಿಗಳನ್ನು ಪಕ್ಕದ ಪ್ರೊಸೆಸರ್‌ಗೆ ತಲುಪಿಸಬೇಕು. ಈ ವಿನಿಮಯವು ಗಣನೆಗಿಂತ ಹೆಚ್ಚು ಸಮಯ ನುಂಗಿದರೆ ಶ್ರಮವೆಲ್ಲ ವ್ಯರ್ಥ. ಆದ್ದರಿಂದ ಯಂತ್ರಾಂಶದೊಡನೆ ತಂತ್ರಾಂಶವನ್ನೂ ಸಮಸ್ಯೆಗೆ ಹೊಂದುವಂತೆ ಹೆಣೆಯಬೇಕಾಗುತ್ತದೆ. ಎನ್‌ಎಎಲ್ ಮುಂದೆ ಅಭಿವೃದ್ಧಿಪಡಿಸಿದ 'ಫ್ಲೋಸ್ವಿಚ್', ಮಾಹಿತಿಯನ್ನು ಸಾಗಿಸುವುದರ ಜೊತೆಗೆ ದಾರಿಯಲ್ಲೇ ಅದನ್ನು ಸಂಸ್ಕರಿಸುವ ಸಾಮರ್ಥ್ಯವನ್ನೂ ಹೊಂದಿತ್ತು.

ಮಳೆಯ ಲೆಕ್ಕಕ್ಕೂ

ಬಿಡಿಭಾಗಗಳಿಂದ ಕಟ್ಟಿದ್ದರ ದೊಡ್ಡ ಲಾಭವೆಂದರೆ, ಹೊಸ ಚಿಪ್ ಬಂದಾಗ ಅದನ್ನು ಅಳವಡಿಸಿಕೊಂಡು ಮುಂದುವರಿಯಬಹುದಾಗಿತ್ತು. ಮುಂದಿನ ಫ್ಲೋಸಾಲ್ವರ್‌ಗಳಲ್ಲಿ ಇಂಟೆಲ್‌ನ 386, ಐ860 ಹಾಗೂ ಪೆಂಟಿಯಂ ಶ್ರೇಣಿಯ ಚಿಪ್‌ಗಳು ಬಳಕೆಯಾದವು. ವಾತಾವರಣವೂ ಹರಿವಿನ ಸಮಸ್ಯೆಯೇ ಆದುದರಿಂದ ಈ ಯಂತ್ರಗಳು ಹವಾಮಾನ ಮುನ್ಸೂಚನೆಯ ಲೆಕ್ಕಕ್ಕೂ ಒದಗಿದವು. ಅದಕ್ಕಾಗಿ ಎನ್‌ಎಎಲ್ 'ವರ್ಷ' ಎಂಬ ಮಾದರಿಯನ್ನು ಸಿದ್ಧಪಡಿಸಿತು.

1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ಹೊರತಂದ 'ಪರಮ್ 8000' ಕೂಡ ಇದೇ ಸಮಾಂತರ ತತ್ವದ ಗಣಕ. ಇಂದಿನ ಸೂಪರ್‌ಕಂಪ್ಯೂಟರ್‌ಗಳಲ್ಲಿ ಸಾವಿರಾರು ಪ್ರೊಸೆಸರ್‌ಗಳು ದುಡಿಯುತ್ತವೆ. ಆದರೂ ಕೆಲಸವನ್ನು ಹೇಗೆ ಪಾಲು ಮಾಡಬೇಕು, ವಿನಿಮಯದ ಹೊರೆಯನ್ನು ಹೇಗೆ ತಗ್ಗಿಸಬೇಕು ಎಂಬ, ನಾಲ್ಕು ಪ್ರೊಸೆಸರ್‌ಗಳ ಕಾಲದ ಪ್ರಶ್ನೆಗಳೇ ಅವುಗಳ ವಿನ್ಯಾಸಕಾರರನ್ನೂ ಕಾಡುತ್ತವೆ.