ಬಡವರ ಮನೆಗೆ ಬಂದ ಥ್ರಿಲ್ಲರ್

ಸಾಯುವವನು ಯಾರು, ಕೊಲ್ಲುವವರು ಯಾರು ಎಂದು ಮೊದಲೇ ಗೊತ್ತಿದ್ದರೂ ಜನರನ್ನು ಬೆಳತನಕ ಕೂಡ್ರಿಸಬಹುದು. ಕಲಘಟಗಿ ತಾಲ್ಲೂಕಿನ ದುಮ್ಮವಾಡದಂಥ ಊರುಗಳಿಗೆ ಇದನ್ನು ಸಿನಿಮಾ ಬಂದು ಕಲಿಸಬೇಕಿರಲಿಲ್ಲ. ಬೈಲಹೊಂಗಲದ ಕಡೆ ಹುಟ್ಟಿ ಧಾರವಾಡ ಸೀಮೆಯಲ್ಲೆಲ್ಲ ಹಬ್ಬಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಸಂಗ್ಯಾ ಉಳಿಯುವುದಿಲ್ಲವೆಂದು ಮುಂದಿನ ಸಾಲಿನ ಹುಡುಗರಿಗೂ ಗೊತ್ತು. ಅಲ್ಲಿ ನೋಡಬೇಕಾದದ್ದು ಬಾಳ್ಯಾನನ್ನು. ಗೆಳೆಯನ ಒಳಗುಟ್ಟೆಲ್ಲ ಬಲ್ಲವನು ಆಸೆಗೋ ಅಂಜಿಕೆಗೋ ಹೊಯ್ದಾಡಿ, ಕೊನೆಗೆ ಅವನನ್ನು ಕೊಲ್ಲುವವರಿಗೆ ಒಪ್ಪಿಸಿಕೊಡುತ್ತಾನೆ. ಯಾವ ಗಳಿಗೆಗೆ ಅವನ ಮನಸ್ಸು ತಿರುಗಿತು ಎಂಬುದೇ ಆ ಆಟದ ಸಸ್ಪೆನ್ಸ್.

ಕನ್ನಡ ಸಿನಿಮಾ ಈ ಜಾಗಕ್ಕೆ ಬರಲು ಬಹಳ ಸುತ್ತು ಹಾಕಿತು. ಮನಸ್ಸಿನ ಒಳಗನ್ನೇ ಕಥೆಯಾಗಿಸಿದ ದೊಡ್ಡ ಹೆಸರು ಪುಟ್ಟಣ್ಣ ಕಣಗಾಲರದು. ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಶರಪಂಜರ’ದಲ್ಲಿ (1971) ಹುಚ್ಚು ಬಿಟ್ಟು ಮನೆಗೆ ಮರಳಿದ ಕಾವೇರಿಯನ್ನು ಮತ್ತೆ ಹುಚ್ಚಿಗೆ ತಳ್ಳುವುದು ಸುತ್ತಲಿನವರ ನೋಟ. ಕೊಲೆಯಿಲ್ಲ, ಪೊಲೀಸರಿಲ್ಲ, ಆದರೂ ಎದೆ ಹೊಡೆದುಕೊಳ್ಳುತ್ತದೆ. ಎರಡು ವರ್ಷದ ನಂತರದ ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿಯದೂ ಒಳಗಿನ ಯುದ್ಧವೇ. ಈ ಇಬ್ಬರು ಹೆಂಗಸರಿಗೂ ನಾಳೆಯ ಊಟದ ಚಿಂತೆ ಇರಲಿಲ್ಲ. ಮನಸ್ಸು ಕೆಡಲಿಕ್ಕೂ ಉಂಡ ಹೊಟ್ಟೆ ಬೇಕು ಎನ್ನುವ ಹಾಗೆ, ನಮ್ಮ ಮನೋವೈಜ್ಞಾನಿಕ ಸಿನಿಮಾ ಬಹುಕಾಲ ಅನುಕೂಲಸ್ಥರ ಮನೆಯಲ್ಲೇ ಉಳಿಯಿತು.

ಆಮೇಲೆ ಕಾಶೀನಾಥರ ‘ಅಪರಿಚಿತ’ (1978) ಬಂತು. ಭಯವನ್ನೇ ನೆಚ್ಚಿ ಚಿತ್ರ ಕಟ್ಟಬಹುದು ಎಂಬ ಧೈರ್ಯವನ್ನು ಮುಂದಿನವರಿಗೆ ಕೊಟ್ಟ ಚಿತ್ರಗಳಲ್ಲಿ ಅದೊಂದು. ಅದರಲ್ಲಿ ನಟಿಸಿದ ಧಾರವಾಡದ ಸುರೇಶ ಹೆಬ್ಳೀಕರ್ ಮುಂದೆ ತಾವೇ ನಿರ್ದೇಶಕರಾದರು. ಅವರ ‘ಕಾಡಿನ ಬೆಂಕಿ’ ದಾಂಪತ್ಯದೊಳಗಿನ ಲೈಂಗಿಕ ಗಂಟನ್ನು ಅಂಜದೆ ಮುಟ್ಟಿ, ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ನಮ್ಮ ಜಿಲ್ಲೆಯವರು ಹೆಬ್ಳೀಕರರನ್ನು ಪರಿಸರದ ಕೆಲಸಕ್ಕೆ ನೆನೆದಷ್ಟು ಈ ಚಿತ್ರಕ್ಕಾಗಿ ನೆನೆಯುವುದಿಲ್ಲ ಎಂಬುದು ನನ್ನ ತಕರಾರು.

ಸುನೀಲ್ ಕುಮಾರ್ ದೇಸಾಯಿ ಈ ಬಗೆಯ ಚಿತ್ರಕ್ಕೆ ಮಾರುಕಟ್ಟೆ ಕಟ್ಟಿಕೊಟ್ಟರು. ಹಾಡಿಲ್ಲದ ‘ತರ್ಕ’ (1989), ಆಮೇಲೆ ‘ಉತ್ಕರ್ಷ’, ಮಣಿಪಾಲದ ಕಟ್ಟಡವೊಂದರಲ್ಲಿ ದರೋಡೆಕೋರರನ್ನೂ ಒತ್ತೆಯಾಳುಗಳನ್ನೂ ಕೂಡಿಹಾಕಿದ ‘ನಿಷ್ಕರ್ಷ’ (1993). ಮೂರೂ ಗಡಿಯಾರದಷ್ಟು ಕರಾರುವಾಕ್ಕಾದ ಚಿತ್ರಗಳು. ಆದರೆ ಅಲ್ಲಿನ ಪ್ರಶ್ನೆ ‘ಯಾರು ಮಾಡಿದರು’, ‘ಹೇಗೆ ಪಾರಾಗುತ್ತಾರೆ’ ಎಂಬುದು. ಮಾಡುವ ಗತಿ ಅವರಿಗೆ ಏಕೆ ಬಂತು ಎಂದು ಕೇಳಲು ಪುರುಸೊತ್ತಿಲ್ಲ. ಬಡತನದ ಕಥೆಗಳನ್ನು ಆ ಹೊತ್ತಿಗೆ ಕಲಾತ್ಮಕ ಚಿತ್ರಗಳು ಗುತ್ತಿಗೆ ಹಿಡಿದಿದ್ದವು. ಹಸಿವು ಒಂದು ಟಾಕೀಜಿನಲ್ಲಿ, ಸಸ್ಪೆನ್ಸ್ ಇನ್ನೊಂದು ಟಾಕೀಜಿನಲ್ಲಿ.

ಎರಡನ್ನೂ ಒಂದೇ ಒಲೆಯ ಮುಂದೆ ಕೂಡಿಸಿದ್ದು ದಯಾಳ್ ಪದ್ಮನಾಭನ್ ಅವರ ‘ಆ ಕರಾಳ ರಾತ್ರಿ’ (2018). ಮೋಹನ್ ಹಬ್ಬು ಅವರ ನಾಟಕವೇ ಇದಕ್ಕೆ ಮೂಲ. ಒಂಟಿ ಮನೆ, ಸಾಲದಲ್ಲಿ ಮುಳುಗಿದ ಅಪ್ಪ, ಸೋತ ಅವ್ವ, ಮದುವೆಯ ವಯಸ್ಸು ಮೀರುತ್ತಿರುವ ಮಗಳು. ಒಂದು ಸಂಜೆ ಹಣ ತುಂಬಿದ ಪೆಟ್ಟಿಗೆಯೊಂದಿಗೆ ಅಪರಿಚಿತನೊಬ್ಬ ರಾತ್ರಿಯ ಮಟ್ಟಿಗೆ ಆಸರೆ ಕೇಳುತ್ತಾನೆ. ರಂಗಾಯಣ ರಘು, ವೀಣಾ ಸುಂದರ್, ಅನುಪಮಾ ಗೌಡ, ಕಾರ್ತಿಕ್ ಜಯರಾಮ್, ಈ ನಾಲ್ವರ ಮುಖಗಳ ಮೇಲೆಯೇ ಚಿತ್ರದ ಭಾರವೆಲ್ಲ. ರಾಜ್ಯ ಸರ್ಕಾರದ ಆ ವರ್ಷದ ಮೊದಲ ಅತ್ಯುತ್ತಮ ಚಿತ್ರ ಪ್ರಶಸ್ತಿಯೂ ಇದಕ್ಕೇ ಸಂದಿತು. ಅಪ್ಪ ಕುಡುಕ, ನಿಜ. ಆದರೆ ಕೊಲ್ಲುವ ಯೋಚನೆಯಲ್ಲಿ ಮುಂದಿರುವವಳು ಮಗಳು. ಅವಳಿಗೆ ಹಣವಷ್ಟೇ ಬೇಕಿಲ್ಲ, ಆ ಮನೆಯಿಂದ ಬಿಡುಗಡೆಯೂ ಬೇಕು. ಅನುಪಮಾ ಈ ಎರಡನ್ನೂ ಒಂದೇ ನೋಟದಲ್ಲಿ ತಂದಿದ್ದಾರೆ.

ಇನ್ನೂ ನೋಡದವರು ಈ ಪ್ಯಾರಾ ದಾಟಿ ಹೋಗಿರಿ. ಬಂದ ಅತಿಥಿ ಮನೆಬಿಟ್ಟು ಹೋಗಿದ್ದ ಮಗನೇ. ಈ ಹಂದರ ಬಹಳ ಹಳೆಯದು. ಜಾರ್ಜ್ ಲಿಲ್ಲೊ ಇಂಗ್ಲೆಂಡಿನಲ್ಲಿ 1736ರಲ್ಲೇ ಇದನ್ನು ನಾಟಕ ಮಾಡಿದ. ರೂಪರ್ಟ್ ಬ್ರೂಕ್‌ನ ‘ಲಿಥುವೇನಿಯಾ’ದಲ್ಲೂ, 1944ರಲ್ಲಿ ಪ್ಯಾರಿಸ್ಸಿನ ರಂಗಕ್ಕೆ ಬಂದ ಕಮೂನ ‘ತಪ್ಪು ತಿಳಿವಳಿಕೆ’ ನಾಟಕದಲ್ಲೂ ಇದೇ ಇದೆ. ಆದರೆ ಕಮೂ ಬಂದವನು ಮಗನೆಂದು ನಮಗೆ ಮೊದಲೇ ಹೇಳಿಬಿಡುತ್ತಾನೆ. ತಾಯಿ, ತಂಗಿ ಆಡುವ ಒಂದೊಂದು ಮಾತೂ ಆಗ ಚುಚ್ಚುತ್ತದೆ. ದಯಾಳ್ ಗುಟ್ಟನ್ನು ಕೊನೆಯವರೆಗೆ ಮುಚ್ಚಿಡುತ್ತಾರೆ, ಆ ಪೆಟ್ಟು ಜೋರಾಗಿಯೇ ಬೀಳುತ್ತದೆ. ಆದರೆ ಗುಟ್ಟು ಗೊತ್ತಿದ್ದು ಎರಡನೇ ಸಲ ನೋಡಿದಾಗಲೇ ಚಿತ್ರ ನನಗೆ ಹೆಚ್ಚು ಹಿಡಿಸಿತು. ಸಣ್ಣಾಟದ ದಾರಿಯೇ ಇಲ್ಲಿ ವಾಸಿಯಿತ್ತೇನೋ.

ದಯಾಳ್ ಇದೇ ಕಥೆಯನ್ನು ತೆಲುಗಿನಲ್ಲಿ ‘ಅನಗನಗಾ ಓ ಅತಿಥಿ’ (2020), ತಮಿಳಿನಲ್ಲಿ ‘ಕೊಂಡ್ರಾಲ್ ಪಾವಂ’ (2023) ಎಂದು ತಾವೇ ಮತ್ತೆ ತೆಗೆದರು. ಊರು ಬದಲಾದರೂ ಮನೆ ಒಂಟಿಯಾಗಿಯೇ ಉಳಿಯಿತು. ನನ್ನ ಅನುಮಾನ ಇರುವುದು ಆ ಒಂಟಿತನದ ಮೇಲೆಯೇ. ಹುಬ್ಬಳ್ಳಿಗೆ ನೀರು ಕೊಡುವ ನೀರಸಾಗರ ಬರಗಾಲದಲ್ಲಿ ಬತ್ತಿದ್ದನ್ನು ಕಂಡ ದುಮ್ಮವಾಡದ ಸುತ್ತಿನಲ್ಲಾಗಲಿ, ನೀರಿನ ಕರದ ಸಿಟ್ಟಿಗೆ 1980ರಲ್ಲಿ ಗುಂಡು ಹಾರಿದ ನವಲಗುಂದದಲ್ಲಾಗಲಿ ಸಾಲ ಒಂಟಿ ಮನೆಯ ಗುಟ್ಟಲ್ಲ. ಯಾರಿಗೆ ಎಷ್ಟು ಸಾಲವಿದೆ ಎಂದು ಓಣಿಗೆಲ್ಲ ಗೊತ್ತು, ಸೊಸೈಟಿಗೆ ಗೊತ್ತು, ಗೊಬ್ಬರದ ಅಂಗಡಿಯವನಿಗೂ ಗೊತ್ತು. ನಾಲ್ಕು ಮಂದಿಯ ಕಣ್ಣೆದುರು ಹದಗೆಡುವ ಮನಸ್ಸಿನ ಥ್ರಿಲ್ಲರ್ ಬೇರೆಯದೇ ಆದೀತು. ಉತ್ತರ ಕರ್ನಾಟಕದ ಮಾತನ್ನು ಹೆಚ್ಚಾಗಿ ನಗಿಸಲಿಕ್ಕೆಂದೇ ಕರೆತರುವ ನಮ್ಮ ಉದ್ಯಮ ಆ ಕಡೆ ತಿರುಗಿದ್ದು ಕಡಿಮೆ.

ಬೆಂಗಳೂರಿನ ಕಥೆಗಳು ಮಾತ್ರ ಮುಂದೆ ಸಾಗಿವೆ. ‘ಪುಕ್ಸಟ್ಟೆ ಲೈಫು’ (2021) ಚಿತ್ರದಲ್ಲಿ ಸಂಚಾರಿ ವಿಜಯ್ ಕೀಲಿ ರಿಪೇರಿಯವನು. ಅವನ ಕೈಚಳಕ ಕಂಡ ಪೊಲೀಸರೇ ಅವನನ್ನು ಕಳ್ಳತನಕ್ಕೆ ಇಳಿಸುತ್ತಾರೆ. ತೆರೆಗೆ ಬರುವಷ್ಟರಲ್ಲಿ ವಿಜಯ್ ಇರಲಿಲ್ಲ. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ (2023) ನೋಡುವಾಗ ಶಂಕರ್ ನಾಗ್‌ರ ‘ಆಕ್ಸಿಡೆಂಟ್’ (1985) ನೆನಪಾಗದೆ ಇರದು. ಅಲ್ಲಿ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ರಾಜಕಾರಣಿಯ ಮಗ ಕಾರು ಹರಿಸುತ್ತಾನೆ, ಪತ್ರಕರ್ತ ಬೆನ್ನು ಹತ್ತುತ್ತಾನೆ. ನಮ್ಮ ಸಿಟ್ಟು ಯಾರ ಮೇಲೆ ಎಂಬ ಗೊಂದಲವೇ ಇಲ್ಲ. ಹೇಮಂತ್ ಅದೇ ಅಪಘಾತವನ್ನು ಡ್ರೈವರನ ಕಡೆಯಿಂದ ನೋಡುತ್ತಾರೆ. ದೊಡ್ಡವರ ಮನೆಯ ತಪ್ಪನ್ನು ಡ್ರೈವರ್ ಮನು ದುಡ್ಡಿಗೆ, ತಾನೂ ಪ್ರೇಯಸಿ ಪ್ರಿಯಾಳೂ ಇರುವ ಒಂದು ಮನೆಯ ಆಸೆಗೆ, ಮೈಮೇಲೆ ಹಾಕಿಕೊಳ್ಳುತ್ತಾನೆ. ಬಿಡಿಸಿಕೊಂಡು ಬರುವೆನೆಂದ ಧಣಿ ಸತ್ತುಹೋದ ಮೇಲೆ ಆ ಮಾತಿಗೆ ಸಾಕ್ಷಿಯೂ ಇಲ್ಲ, ಬೆಲೆಯೂ ಇಲ್ಲ. ಎರಡನೇ ಭಾಗ ಪ್ರೇಮದ ಹುಚ್ಚಿನ ಕಡೆ ವಾಲಿ ಈ ಲೆಕ್ಕವನ್ನು ಅರ್ಧಕ್ಕೆ ಬಿಟ್ಟಿತು. ಮೊದಲ ಭಾಗದಲ್ಲಿ ಮನು ಆ ಕರಾರಿಗೆ ಹೂಂ ಎನ್ನುವಾಗ ಅದು ತಪ್ಪೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಆದರೂ ಬೇಡವೆನ್ನಲು ಅವನಿಗೊಂದು ಕಾರಣವನ್ನು ನಾವು ಹುಡುಕಿ ಕೊಡಲಾರೆವು.