ಸರಪಳಿಯಿಂದ ಉಪಗ್ರಹದವರೆಗೆ: ಮೈಸೂರು ಪ್ರಸ್ಥಭೂಮಿಯ ಚಲನೆಯ ಅಳತೆ

ನೆಲ ಎಷ್ಟು ಸರಿದಿದೆ ಎಂದು ತಿಳಿಯಲು ಒಂದೇ ಬಿಂದುವಿನ ಸ್ಥಾನವನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಅಳೆಯಬೇಕು. ಕರ್ನಾಟಕದಲ್ಲಿ ಇಂಥ ಹೋಲಿಕೆಗೆ ಒದಗಿದ ಹಳೆಯ ಅಳತೆಗಳು ಆಡಳಿತದ ಅಗತ್ಯದಿಂದ ಹುಟ್ಟಿದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಮೈಸೂರು ಸೀಮೆಯ ನಕ್ಷೆ ಬೇಕಾಯಿತು. 1800ರಲ್ಲಿ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ತ್ರಿಕೋನಗಳ ಅಳತೆಗೆ ಬೇಕಾದ ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನಿಂದ ಹೊರಟ ಕೆಲಸ ಮಹಾ ತ್ರಿಕೋನಮಿತಿ ಸರ್ವೆಯಾಗಿ ಬೆಳೆಯಿತು. ಬೆಟ್ಟಗಳ ನೆತ್ತಿಯ ಮೇಲೆ ಗುರುತಿನ ಕಲ್ಲುಗಳು ಬಂದವು. 1860ರ ದಶಕದಲ್ಲಿ ಅಳತೆ ಇನ್ನಷ್ಟು ನಿಖರವಾಯಿತು.

1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಪರ್ಯಾಯ ದ್ವೀಪದ ನೆಲ ನಿಶ್ಚಲವೆಂಬ ನಂಬಿಕೆಯನ್ನು ಕೆಡಿಸಿತು. ಮರುವರ್ಷ ಬೆಂಗಳೂರಿನ ಸಿ-ಮ್ಯಾಕ್ಸ್ ಸಂಸ್ಥೆಯ ವಿನೋದ್ ಗೌರ್, ಶ್ರೀದೇವಿ ಜಾಡೆ ಮೊದಲಾದವರು ಅಮೆರಿಕದ ಭೂವಿಜ್ಞಾನಿ ರೋಜರ್ ಬಿಲ್‌ಹಮ್ ಅವರೊಂದಿಗೆ ದಕ್ಷಿಣ ಭಾರತದ ಹಳೆಯ ಸರ್ವೆ ಬಿಂದುಗಳನ್ನು ಜಿಪಿಎಸ್‌ನಿಂದ ಅಳೆದರು. 1864ರಿಂದ 1994ರವರೆಗಿನ ನೂರಮೂವತ್ತು ವರ್ಷಗಳಲ್ಲಿ ಇಲ್ಲಿನ ನೆಲ ಗಮನಾರ್ಹವಾಗಿ ಹಿಗ್ಗಿಲ್ಲ, ಕುಗ್ಗಿಲ್ಲ ಎಂಬುದು ಅವರ ನಿರ್ಣಯ. ನಕ್ಷೆಗಾಗಿ ನೆಟ್ಟ ಕಲ್ಲುಗಳಿಂದ ಭೂವಿಜ್ಞಾನಕ್ಕೆ ದೊರೆತ ಈ ಫಲ ನಿಜಕ್ಕೂ ದೊಡ್ಡದು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಫೋನಿನಲ್ಲಿ ಸ್ಥಾನ ಮೀಟರುಗಳ ಲೆಕ್ಕದಲ್ಲಿ ಸಿಕ್ಕಿದರೆ ಸಾಕು. ನೆಲದ ಚಲನೆಗೆ ಮಿಲಿಮೀಟರ್ ಬೇಕು. ಅದಕ್ಕಾಗಿ ಸುಮಾರು 19 ಸೆಂ.ಮೀ. ಉದ್ದದ, ಉಪಗ್ರಹದ ಸಂಕೇತವನ್ನು ಹೊತ್ತು ತರುವ ವಾಹಕ ತರಂಗದ ಹಂತವನ್ನೇ ಅಳೆಯುತ್ತಾರೆ. ಅಯಾನುಗೋಳ ತರುವ ದೋಷವನ್ನು ಎರಡು ಆವರ್ತನಗಳ ಹೋಲಿಕೆಯಿಂದ ಕಳೆಯುತ್ತಾರೆ. ಆಂಟೆನಾ ಕೂರುವ ಕಂಬ ಬಂಡೆಗೆ ಭದ್ರವಾಗಿ ಬೆಸೆದಿರಬೇಕು. ಇಲ್ಲದಿದ್ದರೆ ಅಳತೆಗೆ ಸಿಗುವುದು ಮೇಲ್ಮಣ್ಣಿನ ಕುಸಿತವೇ ಹೊರತು ಭೂಪದರದ ಚಲನೆಯಲ್ಲ.

1990ರ ದಶಕದ ಮಧ್ಯದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಜಿಪಿಎಸ್ ಕೇಂದ್ರ ಈ ಅಳತೆಯನ್ನು ನಿರಂತರವಾಗಿ ಮಾಡುತ್ತಿದೆ. ಅದರ ಪ್ರಕಾರ ಬೆಂಗಳೂರು ವರ್ಷಕ್ಕೆ ಐದು ಸೆಂ.ಮೀ.ಗೂ ತುಸು ಹೆಚ್ಚು ಈಶಾನ್ಯಕ್ಕೆ ಸರಿಯುತ್ತದೆ. 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪದಲ್ಲಿ ಅದು ಸುಮಾರು ಒಂದು ಸೆಂ.ಮೀ. ಪೂರ್ವಕ್ಕೂ ಜಾರಿತು.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಸೀಮೆಯ ನೆಲವೂ ಬೆಂಗಳೂರಿನಂತೆ ಭಾರತೀಯ ಭೂಫಲಕದ ಮೇಲೆ ಸಾಗುತ್ತಿದೆ. ಧಾರವಾಡ ಶಿಲಾಪ್ರದೇಶದ ಪೂರ್ವ, ಪಶ್ಚಿಮ ಭಾಗಗಳು ಬೆಸೆದ ಚಿತ್ರದುರ್ಗ ಸೀಳುವಲಯ ಈ ಭಾಗದಲ್ಲೇ ಹಾದುಹೋಗುತ್ತದೆ. ಇಲ್ಲಿನ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಹೆಪ್ಪುಗಟ್ಟಿದವು. ಇಂದು ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಟ್ಟೆ ನಿಂತಿರುವುದೂ ಈ ಪ್ರಾಚೀನ ಶಿಲೆಗಳ ನಡುವಿನ ಮಾರಿ ಕಣಿವೆಯಲ್ಲಿ. ಕಾಲಾಂತರದಲ್ಲಿ ಇಷ್ಟೆಲ್ಲ ಮುರಿದು ಬೆಸೆದ ನೆಲ ಇಂದು ಒಳಗೊಳಗೆ ಬಹುತೇಕ ಬಿಗಿಯಾಗಿದೆ.

ಆ ಬಿಗಿತದಿಂದಲೇ ದಕ್ಷಿಣದ ಕೇಂದ್ರಗಳು ಹಿಮಾಲಯದ ಅಳತೆಗೆ ಆಧಾರವಾಗಿವೆ. ಅಲ್ಲಿ ವರ್ಷಕ್ಕೆ ಸುಮಾರು ಎರಡು ಸೆಂ.ಮೀ. ಸಂಕೋಚನ ನಡೆಯುತ್ತಿದೆ ಎಂಬ ಲೆಕ್ಕ ಬಂದದ್ದು ಹೀಗೆ. ಇಂಥ ಹೋಲಿಕೆ ಮುಂದೆಯೂ ಸಾಧ್ಯವಾಗಬೇಕಾದರೆ ಬೆಟ್ಟದ ನೆತ್ತಿಗಳಲ್ಲಿ ಉಳಿದಿರುವ ಹಳೆಯ ಸರ್ವೆ ಕಲ್ಲುಗಳನ್ನು ಕಲ್ಲುಕ್ವಾರಿಗಳಿಂದ, ಕಟ್ಟಡ ಕೆಲಸದಿಂದ ಕಾಪಾಡಬೇಕು. ಒಡೆದ ಕಲ್ಲಿನೊಂದಿಗೆ ಅದರ ಹಳೆಯ ಅಳತೆಯೂ ಹೋಲಿಕೆಗೆ ಸಿಗದೆ ಹೋಗುತ್ತದೆ.